ಹುಣಸೆ ಮರಕ್ಕೆ ಕುಂಕುಮ ಹಚ್ಚಿದವರು

ದಾವಣಗೆರೆ
ಭಾನುವಾರ, ೨೬–೧–೨೦೨೫

ನನ್ನ ಮುದ್ದು ಸುನೀತಾಗೆ, ನಿನ್ನ ಅಜ್ಜಿ ದ್ಯಾಮವ್ವ ಎರಡೂ ಕೈಯಿಂದ ಕೆನ್ನೆ ಸವರಿ ಬರೆಯುವುದೇನೆಂದರೆ,

ಹೇಗಿದ್ದೀಯ ಮಗಳೇ? ಕಾಲು ಊದುವುದು ಕಡಿಮೆಯಾಯಿತೇ? ಡಾಕ್ಟರಮ್ಮ ಹೇಳಿದಂತೆ ಎಡಮಗ್ಗುಲಿಗೆ ಮಲಗುತ್ತಿದ್ದೀಯೋ, ಇಲ್ಲಾ ಚಿಕ್ಕವಳಿದ್ದಾಗಿನಂತೆ ಮಂಚದ ತುಂಬ ಹೊರಳಾಡುತ್ತೀಯೋ? ಮಹೇಂದ್ರನಿಗೆ ಫ್ಯಾಕ್ಟರಿಯಲ್ಲಿ ಪಾಳಿ ಬದಲಾಗಿದೆ ಎಂದು ಕೇಳಿದೆ. ಅವನಿಲ್ಲದಾಗ ನೀರಿನ ಕೊಡ ಎತ್ತಲು ಹೋಗಬೇಡ, ನಿಮ್ಮತ್ತೆ ಎತ್ತಲಿ, ಅವರ ಸೊಂಟ ಗಟ್ಟಿಯಾಗಿಯೇ ಇದೆ. ನನ್ನ ಮಂಡಿನೋವು ಇದ್ದಲ್ಲೇ ಇದೆ, ಅದು ನನ್ನನ್ನು ಬಿಟ್ಟು ಹೋಗುವ ಪೈಕಿ ಅಲ್ಲ. ಉಳಿದಂತೆ ಚೆನ್ನಾಗಿದ್ದೇನೆ.

ಹದಿನೈದು ಕಿಲೋಮೀಟರೂ ಇಲ್ಲದ ಹರಿಹರಕ್ಕೆ ಅಜ್ಜಿ ಪತ್ರ ಯಾಕೆ ಬರೆಯುತ್ತಾಳೆ ಎಂದು ನಗಬೇಡ. ನಿನ್ನ ಫೋನಿನ ಮಾತು ನಿಮ್ಮತ್ತೆಯ ಅಡುಗೆಮನೆಯವರೆಗೂ ಕೇಳಿಸುತ್ತದೆ. ಇಲ್ಲಿ ನಿಮ್ಮಮ್ಮ ಭಾಗ್ಯಲಕ್ಷ್ಮಿ ನಾನು ಎರಡು ಮಾತಾಡುವಷ್ಟರಲ್ಲಿ ಫೋನು ಕಸಿದುಕೊಳ್ಳುತ್ತಾಳೆ. ಅದಕ್ಕೇ ಈ ಹಾಳೆಯನ್ನು ಮಂಡಕ್ಕಿ ಚೀಲದ ತಳದಲ್ಲಿ, ಹುಣಸೆ ಚಿಗಳಿಯ ಡಬ್ಬಿ ಕೆಳಗಿಟ್ಟು, ಪಕ್ಕದ ಮನೆ ಜಮಾಲ್ ಸಾಬ್ ಕೈಯಲ್ಲಿ ಕಳಿಸುತ್ತಿದ್ದೇನೆ. ಚಿಗಳಿಗೆ ಈ ಸಲ ಜೀರಿಗೆ ಮುಂದೆ ಮಾಡಿ ಕುಟ್ಟಿದ್ದೇನೆ, ನಿನಗೆ ಈಗ ಹುಳಿ ಬೇಕೆನ್ನಿಸುವ ಕಾಲ. ಚೀಲವನ್ನು ನೀನೇ ಬಿಚ್ಚು, ನಿಮ್ಮತ್ತೆಯ ಕೈಗೆ ಕೊಡಬೇಡ.

ಸಂಕ್ರಾಂತಿಯ ದಿನ ಹೊಳೆದಂಡೆಯಲ್ಲಿ ಎರಡೂ ಮನೆಯವರು ಕೂತು ಬುತ್ತಿ ಉಂಡೆವಲ್ಲ, ಅವತ್ತಿನಿಂದ ನನ್ನ ತಲೆಯೊಳಗೆ ಹುಳ ಹೊಕ್ಕಿದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಎಲ್ಲ ಸಲೀಸಾಗಿ ಇಳಿದಿತ್ತು. ನಿಮ್ಮಪ್ಪ ಪರಶುರಾಮ ಮೊಸರನ್ನಕ್ಕೆ ಕೈಹಾಕುತ್ತ, ಸೀಮಂತದ ಕುಬುಸ ಮುಗಿಸಿಕೊಂಡು ಬಾಣಂತನಕ್ಕೆ ಮಗಳನ್ನು ಕರೆದುಕೊಂಡು ಹೋಗುತ್ತೇವೆ ಎಂದ. ನಿಮ್ಮತ್ತೆ ಕೈ ತೊಳೆದು, ನಿನ್ನ ಮುಖವನ್ನೊಮ್ಮೆ ನೋಡಿ, "ನಿಮ್ಮ ಮನೆ ಮುಂದ ಜೋಡಿ ಹುಣಸೆ ಮರ ಅದಾವ. ಹೋದ ಸಲ ಆಗಿದ್ದು ಸಾಕ್ರಿ ಬೀಗರೆ. ಆ ಮರ ಇರೋತನ ನಾ ಸೊಸೀನ ಕಳ್ಸಂಗಿಲ್ಲ" ಎಂದರು. ನಿಮ್ಮಪ್ಪನ ತುತ್ತು ಕೈಯಲ್ಲೇ ಉಳಿಯಿತು.

ಹೋದ ವರ್ಷ ಈ ಮನೆಯಲ್ಲಿ ಐದು ತಿಂಗಳಿಗೇ ಕೂಸು ಕೈಬಿಟ್ಟು ಹೋದಾಗ, ನಿನ್ನನ್ನು ನೋಡಲು ಬಂದ ಹೆಂಗಸರೂ ಇದನ್ನೇ ಆಡಿದರು. ಮುಸ್ಸಂಜೆಯಲ್ಲಿ ಹುಣಸೆಯ ಕೆಳಗೆ ಹಾದಳಂತೆ, ಕೂದಲು ಬಿಟ್ಟುಕೊಂಡಿದ್ದಳಂತೆ, ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಮಾತಾಡಿದಳಂತೆ. ನಾನು ನಂಬಿದವಳಲ್ಲ. ನಮ್ಮ ಬೀದಿ ಇನ್ನೂ ಜೋಳದ ಹೊಲವಾಗಿದ್ದಾಗ ಈ ಮರಗಳು ಬದುವಿನ ಮೇಲಿದ್ದವು. ನಿಮ್ಮಜ್ಜ ನಡುವೆ ಗೇಟು ಇಟ್ಟರು. ತುಂಬಿದ ಹೊಟ್ಟೆ ಹೊತ್ತು ಅದೇ ಗೇಟಿನಲ್ಲಿ ಓಡಾಡಿಯೇ ನಿಮ್ಮಪ್ಪನನ್ನು ಹೆತ್ತೆ, ಅವನಿಗೆ ಯಾವ ದೆವ್ವವೂ ಬಡಿದಿಲ್ಲ, ಸ್ವಲ್ಪ ಮಂಕುತನ ಬಿಟ್ಟರೆ.

ಆದರೂ ನನಗೆ ಅರ್ಥವಾಗದ್ದು ಇದು. ನಿನ್ನ ಮದುವೆ ಮಾತುಕತೆಗೆ ಬಂದಾಗ ನಿಮ್ಮತ್ತೆ ಇದೇ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು, "ಏನ್ ತಂಪೈತ್ರಿ ನಿಮ್ಮನ್ಯಾಗ" ಎಂದು ಪಾನಕ ಕುಡಿದವರು. ಹೋಗುವಾಗ ಸೆರಗಿನ ತುಂಬ ಹಣ್ಣು ಕಟ್ಟಿಕೊಂಡು ಹೋದವರು. ಆಗ ಅವರ ಕಣ್ಣಿಗೆ ಬೀಳದ ದೆವ್ವ ಈಗ ಎಲ್ಲಿಂದ ಬಂತು? ಯಾರಾದರೂ ಹೊಸ ಮಾತಾಡಿದರೆ ನಾನು ಅದರ ಹಿಂದೆ ಏನಿದೆ ಎಂದು ನೋಡುತ್ತೇನೆ. ನಿಮ್ಮತ್ತೆಗೆ ನಿನ್ನನ್ನು ಕಳಿಸಲು ಮನಸ್ಸಿಲ್ಲ, ಹುಣಸೆ ಮರ ನೆಪ. ಮೊಮ್ಮಗು ಮೊದಲು ತನ್ನ ಮಡಿಲಿಗೇ ಬರಲಿ ಎಂಬ ಆಸೆಯೋ, ನಮ್ಮ ಕೈಯ ಮೇಲೆ ನಂಬಿಕೆಯಿಲ್ಲವೋ ನನಗೆ ತಿಳಿಯದು.

ನಿಮ್ಮಪ್ಪನಿಗೆ ಇಷ್ಟೆಲ್ಲ ಹೊಳೆಯುವುದಿಲ್ಲ. "ಮರಕ್ಕಿಂತ ಮಗಳು ಹೆಚ್ಚವ್ವ" ಎಂದು ಮರ ಕೊಯ್ಯುವ ತಿಪ್ಪೇಶನಿಗೆ ಹೇಳಿಬಂದ. ಕೊಯ್ಯುವ ಹಿಂದಿನ ದಿನ, ಸೋಮವಾರ ಸಂಜೆ, ಎರಡೂ ಕಾಂಡಗಳ ಮೇಲೆ ಕೈಯಾಡಿಸಿ ಒಳಗೆ ಬಂದವನು ಊಟ ಮಾಡದೆ ಮಲಗಿದ. ಮಂಗಳವಾರ ಬೆಳಗ್ಗೆ ತಿಪ್ಪೇಶ ಯಂತ್ರದ ಗರಗಸ, ಹಗ್ಗ ಎಲ್ಲ ಇಳಿಸಿ ಬೀಡಿ ಹಚ್ಚಿದವನು, ಹಾಗೇ ಬೀಡಿ ಆರಿಸಿ ಚಪ್ಪಲಿ ಬಿಟ್ಟ. ನಾನು ಹೋಗಿ ನೋಡುತ್ತೇನೆ, ಎರಡೂ ಮರಕ್ಕೆ ಅರಿಶಿನ ಬಳಿದಿದೆ, ಕುಂಕುಮ ಹಚ್ಚಿದೆ, ನೂಲು ಸುತ್ತಿದೆ, ಬುಡದಲ್ಲಿ ಹಸಿರು ಬಳೆ. "ಅಜ್ಜಿ, ಇದಕ್ಕೆ ಪೂಜೆ ಆಗೈತೆ. ನನಗೂ ಹೆಂಡ್ತಿ ಮಕ್ಕಳು ಅದಾರ, ನಾ ಮುಟ್ಟಂಗಿಲ್ಲ" ಎಂದು ಗರಗಸ ಹೊತ್ತು ಹೋದ.

ಮೊದಲ ಅನುಮಾನ ನಿಮ್ಮಮ್ಮನ ಮೇಲೆ ಬಂತು, ಬೆಳಗ್ಗೆ ಬೇಗ ಎದ್ದು ಅಂಗಳಕ್ಕೆ ನೀರು ಹಾಕುವವಳು ಅವಳೊಬ್ಬಳೇ. ದೇವರ ಗೂಡಿನ ಕುಂಕುಮದ ಭರಣಿ ತೆಗೆದು ನೋಡುತ್ತಿದ್ದೆ, ಸಿಕ್ಕಿಬಿದ್ದೆ. "ನನ್ ಮಗಳು ಬರೋದು ತಪ್ಪಿಸಾಕೆ ನಾನೇ ಕುಂಕುಮ ಹಚ್ಚತೀನಾ ಅತ್ತಿ? ನಿಮಗ ತಲೆ ನೆಟ್ಟಗೈತೋ ಇಲ್ಲೋ" ಎಂದಳು. ಎರಡು ದಿನ ನನ್ನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ.

ಆಮೇಲೆ ಎದುರುಮನೆ ಬಕ್ಕೇಶ. ಅವನ ಕಾರು ಇಡೀ ದಿನ ನಮ್ಮ ನೆರಳಿನಲ್ಲೇ ನಿಲ್ಲುತ್ತದೆ. ದೇವಸ್ಥಾನಕ್ಕೆ ಹೆಂಡತಿ ಕರೆದರೆ ಮೊಬೈಲು ನೋಡುತ್ತ ಹೊರಗೇ ನಿಲ್ಲುವವನು, ಈ ಮರಕ್ಕೆ ಬೀದಿಗೆಲ್ಲ ಮೊದಲು ಕೈಮುಗಿದ. ನಾನು ಬಿಡುತ್ತೇನೆಯೇ? "ಗಾಡಿಗೆ ನೆರಳು ಬೇಕಂದ್ರ ಬಾಯಿಬಿಟ್ಟು ಕೇಳು, ದ್ಯಾವ್ರನ್ನ ಯಾಕ ಕರ್ಕೊಂಡು ಬರ್ತೀಯ" ಎಂದೆ. "ನಾ ಹಚ್ಚಿದ್ರೆ ಗಾಡಿಗೂ ಒಂದೀಟು ಹಚ್ಚಿರ್ತಿದ್ದೆ ಬಿಡಜ್ಜಿ" ಎಂದು ನಕ್ಕ. ಅವನ ನಗೆಯಲ್ಲಿ ಕಳ್ಳತನ ಕಾಣಲಿಲ್ಲ. ಪಕ್ಕದ ಮನೆ ಇಮಾಂಬೀಯನ್ನೂ ಬಿಡಲಿಲ್ಲ. ಮಧ್ಯಾಹ್ನದ ನೆರಳು ಗೋಡೆ ದಾಟಿ ಅವಳ ಅಂಗಳಕ್ಕೇ ಬೀಳುವುದು. ಆದರೆ ಎಲೆ ಉದುರಿ ಮೋರಿ ಕಟ್ಟುತ್ತದೆ ಎಂದು ವರ್ಷವೆಲ್ಲ ಜಗಳ ತೆಗೆಯುವವಳೂ ಅವಳೇ. ಅದೂ ಅಲ್ಲದೆ ಜಮಾಲ್ ಸಾಬನ ಹೆಂಡತಿಗೆ ಕುಂಕುಮದ ಗೊಡವೆ ಏನು ಎಂದು ಸುಮ್ಮನಾದೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ಸೋಮವಾರ ನಿಮ್ಮತ್ತೆ ಕಣ್ಣು ತೋರಿಸಲು ದಾವಣಗೆರೆಗೆ ಬಂದಿದ್ದರಂತೆ, ಬಸ್ ಸ್ಟ್ಯಾಂಡಿನಲ್ಲಿ ಬಕ್ಕೇಶನ ಹೆಂಡತಿ ನೋಡಿದ್ದಾಳೆ. ಕೈಯಲ್ಲಿ ಬಟ್ಟೆಯ ಚೀಲ ಇತ್ತಂತೆ. ಬೀಗರ ಮನೆ ಬಾಗಿಲು ತಟ್ಟದೆ ಹೋಗುವಂಥ ಗಡಿಬಿಡಿ ಏನಿತ್ತು? ಮಂಗಳವಾರ ಬೆಳಕು ಹರಿದಾಗ ಮರಕ್ಕೆ ಕುಂಕುಮ. ನೀನೇ ಕೂಡಿಸಿ ನೋಡು. ಮರ ಕಡಿಯಬೇಕೆಂದು ಷರತ್ತು ಹಾಕಿದವರೂ ಅವರೇ, ಕಡಿಯಲಾಗದಂತೆ ಮಾಡಿದವರೂ ಅವರೇ ಎಂದು ನನ್ನ ಮನಸ್ಸು ಹೇಳುತ್ತದೆ. ಇಂಥ ಬುದ್ಧಿ ಇದ್ದವರು ಚುನಾವಣೆಗೆ ನಿಲ್ಲಬೇಕಿತ್ತು.

ಇತ್ತ ಬೀದಿ ಸುಮ್ಮನೆ ಕೂತಿಲ್ಲ. ಶುಕ್ರವಾರ ಹೆಂಗಸರು ತಟ್ಟೆ ಹಿಡಿದು ಬಂದರು. ನಿಂಬೆಹಣ್ಣಿನ ದೀಪ, ಕರ್ಪೂರ, ಉಡಿ ತುಂಬುವುದು ಎಲ್ಲ ಆಯಿತು. ಇಷ್ಟು ವರ್ಷ ದೆವ್ವ ಇದ್ದ ಮರದಲ್ಲಿ ಈಗ ಅಮ್ಮನವರು ಇದ್ದಾರೆ. ಹೋದ ವರ್ಷ ಜಗುಲಿಯಲ್ಲಿ ಕೂತು ಏನೇನೋ ಆಡಿದ ಬಾಯಿಗಳೇ ಈಗ ಹಾಡು ಹೇಳಿದವು. ಬಕ್ಕೇಶ ಎರಡೂ ಮರಕ್ಕೆ ಕಟ್ಟೆ ಕಟ್ಟಿಸುವ ಮಾತೆತ್ತಿದ್ದಾನೆ. ಗೇಟಿನ ಆಚೀಚೆ ಕಟ್ಟೆ ಎದ್ದರೆ ನಾವು ನಮ್ಮ ಮನೆಗೇ ಚಪ್ಪಲಿ ಬಿಟ್ಟು ಹೋಗಬೇಕಾದೀತು. ಕರ್ಪೂರದ ಹೊಗೆ ಗೋಡೆಯಾಚೆ ಹೋದಾಗ ಇಮಾಂಬೀ ಕಿಟಕಿ ಮುಚ್ಚಿಕೊಂಡಳು. ಅದನ್ನು ಒಬ್ಬಳು ನೋಡಿ ಇನ್ನೊಬ್ಬಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅದು ನನಗೆ ಚೂರೂ ಸರಿ ಬರಲಿಲ್ಲ.

ಹಾಗಾಗಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಕೊಂಡಜ್ಜಿ ಊರಿನ ಕಡೆ ಒಬ್ಬ ಮರ ಕೊಯ್ಯುವವನಿದ್ದಾನಂತೆ, ಪೂಜೆಗೀಜೆ ಲೆಕ್ಕಕ್ಕೆ ತೆಗೆದುಕೊಳ್ಳುವವನಲ್ಲವಂತೆ. ಬುಧವಾರ ಬರಲು ಹೇಳಿಕಳಿಸಿದೆ. ಬೀದಿಯವರು ಬೈದರೆ ಬೈಯಲಿ. ನನಗೂ ಆ ಮರಗಳ ಮೇಲೆ ಜೀವವಿದೆ. ಬೇಸಿಗೆಯಲ್ಲಿ ಅವು ಇಲ್ಲದ ಅಂಗಳ ಕಾದ ಹಂಚು, ನಾನು ಎಲ್ಲಿ ಕೂತು ಹುಣಸೆ ಬಿಡಿಸಲಿ? ಆದರೆ ನೀನು ಮೊದಲ ಹೆರಿಗೆಗೆ ತವರಿಗೆ ಬರದೆ ಹೋದರೆ ನಿಮ್ಮಪ್ಪ ಮತ್ತೆ ತಲೆಯೆತ್ತಿ ಬೀದಿಯಲ್ಲಿ ನಡೆಯುವುದಿಲ್ಲ. ನಡುಮನೆಗೆ ಸುಣ್ಣ ಹೊಡೆಸಿದ್ದಾನೆ, ಹೊಸ ಮಂಚ ತಂದಿದ್ದಾನೆ. ನಿಮ್ಮಮ್ಮ ಹಳೆಯ ಸೀರೆಗಳನ್ನೆಲ್ಲ ಒಗೆದು ಮಡಿಸಿಟ್ಟಿದ್ದಾಳೆ.

ನಿನ್ನಿಂದ ನನಗೆ ಆಗಬೇಕಾದ ಕೆಲಸ ಒಂದೇ. ನಿಮ್ಮತ್ತೆಯ ಚೀಲದಲ್ಲಿ ಸೋಮವಾರ ಏನಿತ್ತು ಎಂದು ಉಪಾಯವಾಗಿ ತಿಳಿದುಕೋ. ಬಳೆ ಅಂಗಡಿಗೆ ಹೋಗಿದ್ದರೇ? ಕೈಬೆರಳಿನಲ್ಲಿ ಅರಿಶಿನದ ಕಲೆ ಇತ್ತೇ? ನೇರವಾಗಿ ಕೇಳಬೇಡ, ನೀನು ಅವರ ಮನೆಯಲ್ಲಿ ಬಾಳುವವಳು.

ಹೊಟ್ಟೆಯಲ್ಲಿರುವ ಕೂಸಿಗೆ ನನ್ನ ನೂರು ಮುತ್ತು. ಮಹೇಂದ್ರನಿಗೆ ಆಶೀರ್ವಾದ. ನಿಮ್ಮತ್ತೆಗೂ ಕೇಳಿದೆ ಎಂದು ಹೇಳು, ಹೇಳದಿದ್ದರೆ ಅನುಮಾನ ಪಡುತ್ತಾರೆ. ನಿನ್ನ ಕರುಳು ತಂಪಾಗಿರಲಿ, ನಿನ್ನ ಮನೆಯಲ್ಲಿ ತೊಟ್ಟಿಲು ತೂಗಲಿ.

ನಿನ್ನ ಅಜ್ಜಿ,
ದ್ಯಾಮವ್ವ

ಇದನ್ನು ತಪ್ಪದೆ ಓದು: ಮೇಲಿನದನ್ನು ಮಡಿಚಿ ಚೀಲಕ್ಕೆ ಹಾಕುವಾಗ ಜಮಾಲ್ ಸಾಬನ ಮಗಳು ಯಾಸ್ಮೀನ್, ನಿನ್ನ ಜೊತೆ ಶಾಲೆಗೆ ಹೋದವಳು, ಚೀಲ ಒಯ್ಯಲು ಬಂದಳು. ಪತ್ರ ನೋಡಿ ಏನು ಬರೆದಿರಿ ಎಂದಳು. ಕೊಂಡಜ್ಜಿಯವನು ಬುಧವಾರ ಬರುತ್ತಾನೆ ಎಂದೆ. ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟಳು. "ನಾನೇ ಹಚ್ಚಿದ್ದು ಅಜ್ಜಿ. ನಮ್ ಮನ್ಯಾಗೆ ಯಾರಿಗೂ ಗೊತ್ತಿಲ್ಲ. ಹೆಂಗಾರ ಮಾಡಿ ನಿಲ್ಸು ಅಂತ ಸುನೀತಾ ಫೋನ್ ಮಾಡಿದ್ಲು. ಪೂಜೆ ಆಗಿರೋ ಮರ ಯಾರೂ ಮುಟ್ಟಲ್ಲ ಅಂತ ನನಗೆ ಹೊಳೀತು. ಈಗ ಕಟ್ಟೆ ಅಂತಾರ, ನನಗ ಹೆದ್ರಿಕೆ ಆಗ್ತೈತೆ" ಎಂದಳು. ಒಂದೊಂದಾಗಿ ಎಲ್ಲ ಹೇಳಿದಳು. ಹೊಳೆದಂಡೆಯಲ್ಲಿ ನಿಮ್ಮತ್ತೆ ಆಡಿದ್ದು ನೀನು ಕಾಲು ಹಿಡಿದು ಆಡಿಸಿದ ಮಾತಂತೆ. ನಾವು ಮರ ಕಡಿಯುವುದಿಲ್ಲ, ಮಾತು ಅಲ್ಲಿಗೇ ನಿಲ್ಲುತ್ತದೆ ಎಂದು ನೀನೂ ನಿಮ್ಮತ್ತೆಯೂ ನಂಬಿದ್ದಿರಂತೆ. ಹೋದ ವರ್ಷ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ನಿನಗೆ ಜಗುಲಿಯ ಮಾತೆಲ್ಲ ಕೇಳಿಸಿತ್ತಂತೆ. ಆ ಕೋಣೆಯ ಬಾಗಿಲು ನೆನೆದರೆ ಉಸಿರು ಕಟ್ಟುತ್ತದಂತೆ. ಅಪ್ಪನಿಗೆ ಬರುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲವಂತೆ.

ಬರಬೇಡ ಮಗಳೇ. ಬುಧವಾರದವನಿಗೆ ಬೇಡವೆಂದು ಫೋನು ಮಾಡಿಸಿದೆ. ಯಾಸ್ಮೀನಳ ಹೆಸರು ಎಲ್ಲಿಯೂ ಎತ್ತಬೇಡ, ಈಗಿನ ಕಾಲ ನಿನಗೇ ಗೊತ್ತು. ಈಗಷ್ಟೇ ಗೇಟಿನಲ್ಲಿ ನಿಂತು ಬಕ್ಕೇಶನ ಹೆಂಡತಿಗೆ ಹೇಳಿದೆ, ಕುಂಕುಮ ಹಚ್ಚಿದ್ದು ನಾನು, ಮೊಮ್ಮಗಳಿಗೆ ಸುಸೂತ್ರ ಹೆರಿಗೆಯಾಗಲೆಂಬ ಹರಕೆ ನನ್ನದು, ಬೇರೆಯವರ ತಟ್ಟೆಯೂ ಕಟ್ಟೆಯೂ ಬೇಡ ಎಂದು. ಸಂಜೆಯೊಳಗೆ ಅದು ಬೀದಿಯ ತುದಿ ಮುಟ್ಟುತ್ತದೆ. ನಿಮ್ಮಪ್ಪನಿಗೂ ಅದನ್ನೇ ಹೇಳಿದೆ. ಹರಕೆಯ ಮರ ಕಡಿಯುವಂತಿಲ್ಲ, ಹುಣಸೆ ಇರುವ ಮನೆಗೆ ಅವರು ಸೊಸೆಯನ್ನು ಕಳಿಸುವುದಿಲ್ಲ, ಇನ್ನು ಉಳಿದದ್ದು ಹರಕೆ ಹೊತ್ತವಳೇ ಬಾಣಂತನ ಮಾಡಲು ಹರಿಹರಕ್ಕೆ ಹೋಗುವುದು ಎಂದೆ. ತಲೆ ಕೆರೆದುಕೊಂಡು, "ಹಂಗಂದ್ರ ಮಂಚ ಅಲ್ಲಿಗೇ ಸಾಗಿಸ್ತೀನಿ ಬಿಡವ್ವ" ಎಂದ. ಕುಬುಸ ಮುಗಿದ ಮಾರನೆಯ ದಿನವೇ ಬರುತ್ತೇನೆ. ಜಮಾಲ್ ಸಾಬ್ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾನೆ. ನಿಮ್ಮತ್ತೆಯ ಬಗ್ಗೆ ಮೇಲೆ ಬರೆದದ್ದನ್ನು ಹರಿಯಲು ನನಗೆ ಸಮಯವಿಲ್ಲ, ನೀನೇ ಹರಿದುಹಾಕು. ಈ ಕೊನೆಯ ಪುಟವನ್ನು ಮಾತ್ರ, ಯಾಸ್ಮೀನಳ ಮಾತು ಬಿಟ್ಟು, ಅವರಿಗೆ ಓದಿ ಹೇಳು. ನಾನು ಗೊರಕೆ ಹೊಡೆಯುತ್ತೇನೆ, ಅದನ್ನೂ ಈಗಲೇ ಹೇಳಿಬಿಡು.