ಎಡಗಡೆ ಸ್ಪೀಕರ್

ಅಕ್ಟೋಬರ್ 3, ಬೆಳಗ್ಗೆ 6.30
ಕಾಫಿ ಆಯ್ತು. ನಿನ್ನೆ ದೇವಸ್ಥಾನದಲ್ಲಿ ಜನಕ್ಕೆ ಹೇಳಿದ್ದರ ರೆಕಾರ್ಡಿಂಗ್ ಲ್ಯಾಪ್‌ಟಾಪಿಗೆ ಹಾಕಿ ಕೇಳಿದೆ. ದಿನಾ ಇದೇ ಪಾಠ — ಹಳೇಬೀಡಿನ ಗೈಡಿಗೆ ಬೇರೆ ಮೇಷ್ಟ್ರು ಯಾರಿದಾರೆ? ಇವತ್ತು ಸ್ವರ ಬಲಗಡೆ ಮಾತ್ರ. ಎಡಕ್ಕೆ ಏನೂ ಇಲ್ಲ. ವಾಲ್ಯೂಮ್ 40 ಸಾಕಾಗ್ತಿತ್ತು, 70 ಇಟ್ಟೆ.

ಅಕ್ಟೋಬರ್ 5
85. ದೇವಸ್ಥಾನದಲ್ಲಿ ಒಬ್ಬರು ಎಡಗಡೆಯಿಂದ ಏನೋ ಕೇಳಿದರು, ನಾನು ತಿರುಗೋದು ತಡವಾಯ್ತು... ಅಥವಾ ತಡ ಅನ್ನಿಸ್ತು. ಅಮ್ಮನಿಗೆ ಐವತ್ತಕ್ಕೇ ಕಿವಿ ಹೋಯ್ತು. ನನಗೆ ನಲವತ್ತೊಂಬತ್ತು. ಹೆಂಡತಿ ಯದುಗಿರಿಗೆ ಹೇಳಿಲ್ಲ.

ಅಕ್ಟೋಬರ್ 8
100. ಇನ್ನು ಮೇಲಕ್ಕೆ ಜಾಗ ಇಲ್ಲ. ಬಲಗಡೆ ಸ್ಪೀಕರ್ ಗೊರಗೊರ ಅಂತಿದೆ, ನನ್ನ ಸ್ವರ ತಗಡಿನ ಡಬ್ಬದೊಳಗಿಂದ ಬಂದ ಹಾಗೆ. ಯದುಗಿರಿ ಬಾಗಿಲಲ್ಲಿ ನಿಂತು ಕೂಗಿದಳು: “ಏನ್ರೀ ಇದು, ಇಡೀ ಬೀದೀಗೆ ನೀವೇ ಗೈಡಾ?”
ಹೇಳಿಬಿಟ್ಟೆ. ಅವಳು ನಗಲಿಲ್ಲ. “ನಾಳೆ ಅರಸೀಕೆರೆಗೆ ಹೋಗೋಣ. ಕಿವಿ ಡಾಕ್ಟ್ರಿಗೆ ತೋರಿಸೋಣ.”
ನಾಳೆಯ ಗುಂಪನ್ನ ಇನ್ನೊಬ್ಬ ಗೈಡು ರಘುರಾಮನಿಗೆ ಬಿಟ್ಟೆ. ಪ್ರಶ್ನೆ ಕೇಳಿಸದ ಗೈಡು ಅಂದ್ರೆ ಬರೀ ಟೇಪ್‌ರೆಕಾರ್ಡರು.

ಅಕ್ಟೋಬರ್ 10
ನಿನ್ನೆ ಬರೆಯೋಕೆ ಕೈ ಬರಲಿಲ್ಲ. ಡಾಕ್ಟ್ರು ಶರತ್‌ಚಂದ್ರ ಹೆಡ್‌ಫೋನ್ ಹಾಕಿಸಿ ಪರೀಕ್ಷೆ ಮಾಡಿದರು. ಕಾಗದದ ಮೇಲೆ ಕಿವಿಗೊಂದರಂತೆ ಎರಡು ಗೆರೆ, ಜೋಡಿ ಎತ್ತಿನ ಹಾಗೆ ಜೊತೆಜೊತೆಗೆ.
“ಎರಡೂ ಚೆನ್ನಾಗಿವೆ ಕಣ್ರೀ. ಲ್ಯಾಪ್‌ಟಾಪ್ ಹಿಂದುಮುಂದಾಗಿ ತಿರುಗಿಸಿ ಕೇಳಿ ನೋಡಿದ್ರಾ?”
ಹದಿನೆಂಟು ವರ್ಷ ಜನಕ್ಕೆ ‘ಈ ಕಡೆಯಿಂದಲೂ ನೋಡಿ’ ಅಂದವನಿಗೆ ಇದು ಹೊಳೀಲಿಲ್ಲ.
“ಇಷ್ಟು ಜೋರಾಗಿ ದಿನಾ ಎಷ್ಟು ಹೊತ್ತು ಕೇಳ್ತೀರಿ?”
“ಎರಡು ಗಂಟೆ ಸಾರ್.”
“ಹಾಗೇ ಮಾಡ್ತಿದ್ರೆ ನಿಜವಾಗ್ಲೂ ನನ್ನ ಹತ್ರ ಬರ್ತೀರಿ. ಮನೆಯವರು ಕೂಗಿ ಮಾತಾಡೋ ಹಾಗಾದ್ರೆ ಸೌಂಡು ಜಾಸ್ತಿ ಅಂತ ತಿಳ್ಕೊಳ್ಳಿ.”
ಮನೆಗೆ ಬಂದು ತಿರುಗಿಸಿದೆ. ಸದ್ದಿಲ್ಲದ ಕಡೆ ಈಗ ಬಲಕ್ಕೆ ಬಂತು — ಸತ್ತಿದ್ದು ಸ್ಪೀಕರ್, ಕಿವಿಯಲ್ಲ! ಟಾರ್ಚ್ ಬಿಟ್ಟೆ — ಆ ಜಾಲರಿಯ ತೂತುಗಳಲ್ಲೆಲ್ಲ ಒಣಗಿ ಕಲ್ಲಾದ ಗಂಧ. ಆಯುಧಪೂಜೆ ದಿನ ನಾನೇ ಧಾರಾಳವಾಗಿ ಬಳಿದದ್ದು. ಹಳೇ ಹಲ್ಲುಜ್ಜೋ ಬ್ರಷ್ಷು, ಒಂದು ಸೂಜಿ, ಹತ್ತು ನಿಮಿಷ.

ಅಕ್ಟೋಬರ್ 11, ಬೆಳಗ್ಗೆ
ವಾಲ್ಯೂಮ್ 40. ಎರಡೂ ಕಡೆ. ಇಷ್ಟೇ ಅಗಲದ ಸ್ಪೀಕರು, ತಮಟೆಯಂಥ ದಪ್ಪ ಸದ್ದು ಕೊಡು ಅಂದ್ರೆ ಕೊಡಲ್ಲ. ಮಾತು ಮಾತ್ರ ಸ್ವಚ್ಛ.
ಅಡುಗೆಮನೇಲಿ ಯದುಗಿರಿ ತಂಗಿಗೆ ಫೋನಲ್ಲಿ ಮೆಲ್ಲಗೆ: “ಡಾಕ್ಟ್ರು ಚೆನ್ನಾಗಿವೆ ಅಂದ ತಕ್ಷಣ ನಮ್ಮನೆಯವರು ಅತ್ತೇಬಿಟ್ರು ಕಣೇ.” ಒಂದಕ್ಷರ ಬಿಡದೆ ಕೇಳಿಸ್ತು.
ಅಳಲಿಲ್ಲ. ಕಣ್ಣು ಒದ್ದೆ ಆಯ್ತು, ಅಷ್ಟೆ. ಅದೂ ಸರಿಯಾಗಿ ಲೆಕ್ಕ ಹಾಕಿದ್ರೆ ಒಂದೇ ಕಣ್ಣು, ಇನ್ನೊಂದು ಬರೀ —