ಅಪ್ಪನ ಎರಡು ದಿನದ ದಾರಿ

...ಅದೂ ಸಾಲದು ಅಂತ ನಮ್ಮೂರವನೇ ಆದ ರೂಮಿನವನ ಪಾಳಿಯೂ ನನ್ನ ತಲೆಗೇ ಬಿತ್ತು, ಅಪ್ಪಾ. ಅವನು ಬೆಳಗ್ಗೆ ಊರಿಗೆ ಹೊರಟ. ಸಂಜೆ ನಾನಿನ್ನೂ ಕೆಲಸದಲ್ಲಿದ್ದೆ, ಫೋನ್ ಬಂತು: "ಲೋ, ಮನೇಲಿ ಊಟಕ್ಕೆ ಕೂತಿದೀನಿ." ನೀನು ದುಡಿದ ಈ ಪರದೇಶಕ್ಕೆ ನಾನು ಬಂದಿದ್ದು ಅಗ್ಗದ ಟಿಕೆಟ್ಟಲ್ಲಿ, ಸುತ್ತಿ ಬಳಸಿ, ಎರಡು ದಿನ ಹಿಡೀತು. ಅದಕ್ಕೇ ಎರಡು ದಿನದ ದಾರಿ ಅನ್ನೋ ನಿನ್ನ ಮಾತು ನಂಬಿದ್ದೆ.

ರಜೆಗೆ ಬರೋವಾಗೆಲ್ಲ ನಿಂಗೆ ಎರಡು ದಿನ ಹಿಡೀತಿತ್ತು. ಅಮ್ಮ ಬಾಗಿಲಲ್ಲೇ ಕೂತಿರ್ತಿದ್ಲು. ಇಲ್ಲಿನ ಹಳೇ ಡ್ರೈವರ್‌ನ ಕೇಳಿದೆ. "ನಿಮ್ಮಪ್ಪನ್ನ ಪ್ರತಿ ಸಲ ನೇರ ವಿಮಾನಕ್ಕೆ ಬಿಟ್ಟವನು ನಾನೇ ಕಣೋ. ಮನೆ ತನಕ ಆರು ಗಂಟೆ ದಾರಿ" ಅಂದ.

ಹಾಗಾದ್ರೆ ಊರಲ್ಲಿ ಇಳಿದು ಆ ರಾತ್ರಿಯೆಲ್ಲ ಯಾರ ಮನೇಲಿದ್ದೆ? ಈಗ ಯಾರನ್ನ ಕೇಳಲಿ, ನೀನು ಸತ್ತು ವರ್ಷ ಆಯ್ತು.

ಅಮ್ಮ ಈಗಷ್ಟೇ ಫೋನಲ್ಲಿ ಕೇಳಿದ್ಲು, "ರಜೆಗೆ ನೀನು ಬರೋಕೂ ಅಪ್ಪನಷ್ಟೇ ಹೊತ್ತಾಗುತ್ತೇನೋ?"

"ಹೂಂ, ಎರಡು ದಿನ" ಅಂದುಬಿಟ್ಟೆ.

ನಾಳೆ ರಾತ್ರಿ ಎಂಟಕ್ಕೆ ಮತ್ತೆ ಫೋನ್ ಮಾಡು ಅಂದಿದಾಳೆ.