ನಾನೂರ ಹನ್ನೆರಡು ಆಕ್ಷೇಪಣೆ, ಒಂದು ಸಾಲು

ಮೂಡಲದಿನ್ನಿ
೨೧೬೩ನೆಯ ಇಸವಿ, ಹದಿಮೂರನೆಯ ತಿಂಗಳ ಒಂಬತ್ತು

ಆನ್‌ಲೈನಿನಲ್ಲಿ ಜನರ ಅಭಿಪ್ರಾಯ ಕೇಳಲು ತಂತ್ರಾಂಶ ಆರಿಸುತ್ತಿರುವ ಹಿಂದಿನ ಕಾಲದ ಸಮಿತಿಯವರಿಗೆ,

ಹದಿಮೂರನೆಯ ತಿಂಗಳೆಂದರೆ ನಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಮ್ಮವರು ಅದಕ್ಕೊಂದು ತಿಂಗಳು ಹೆಚ್ಚಿಗೆ ಕೊಟ್ಟರು. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಿಮಗೆ ಇಂಗ್ಲಿಷಿನಲ್ಲೇ ಬರೆಯೋಣವೆಂದು ಕೂತೆ. ಕಾಲೇಜಿನಲ್ಲಿ ಎರಡು ವರ್ಷ ಓದಿದ್ದು ‘ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ’ ಎನ್ನುವ ತನಕ ಬಂದು ನಿಂತಿತು. ನಮ್ಮಲ್ಲಿ ಹಿನ್ನಂಚೆ ಇದೆ, ಅಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಕಾಗದ. ಹೆಚ್ಚಿನವರು ಮುತ್ತಜ್ಜಿಗೆ ಬರೆಯುತ್ತಾರೆ.

ನಮ್ಮ ದಿನಚರಿ ಹೇಳದೆ ವಿಷಯ ತಿಳಿಯುವುದಿಲ್ಲ. ಬೆಳಗಿನ ಹತ್ತಕ್ಕೆ ಸೈರನ್ ಆಗುತ್ತದೆ, ಸಂಜೆ ಐದರ ತನಕ ಯಾರೂ ಹೊರಗೆ ಬರುವಂತಿಲ್ಲ. ಇದಕ್ಕೆ ಬಿಸಿಲುಬಾಗಿಲು ಎನ್ನುತ್ತೇವೆ. ಆ ಹೊತ್ತಿನಲ್ಲಿ ಹೊಳೆಗೆ ದೋಣಿಯೂ ಇಲ್ಲ. ಜನ ಒಳಗೆ ರೊಟ್ಟಿ ಬಡಿಯುತ್ತಾರೆ, ಮಲಗುತ್ತಾರೆ, ಕೇಳುಕಟ್ಟೆಯಲ್ಲಿ ಬರೆಯುತ್ತಾರೆ. ಕೇಳುಕಟ್ಟೆ ಎಂದರೆ ನೀವೀಗ ಆರಿಸುತ್ತಿರುವುದೇ: ಪಟ್ಟಣದಲ್ಲಿ ಏನಾದರೂ ಮಾಡುವ ಮೊದಲು ಜನ ಮನೆಯಲ್ಲೇ ಕೂತು ಬೇಕು, ಬೇಡ ಎಂದು ಹೇಳುವ ಜಾಗ. ನನ್ನ ಹೆಂಡತಿ ಹುಲಿಗೆಮ್ಮನಿಗೆ ಮೂತ್ರಪಿಂಡ ಎರಡೂ ಹೋಗಿದ್ದವು. ವಾರಕ್ಕೆ ಮೂರು ಸಲ ಓಣಿಯ ತುದಿಯ ತೊಳೆಮನೆಗೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದಳು. ನೀವು ಡಯಾಲಿಸಿಸ್ ಎನ್ನುತ್ತೀರಂತೆ.

ಹನ್ನೊಂದು ವರ್ಷದ ಹಿಂದೆ ಕೇಳುಕಟ್ಟೆಗೆ ಹೊಸ ತಂತ್ರಾಂಶ ಆರಿಸುವ ಸಮಿತಿಗೆ ನನ್ನನ್ನು ಹಾಕಿದರು. ವಿವರಪುಸ್ತಕಗಳು ಹಳೆ ಇಂಗ್ಲಿಷಿನಲ್ಲಿದ್ದವು, ನನಗೆ ಅಷ್ಟಿಷ್ಟು ಬರುತ್ತದಲ್ಲ. ಮೂರು ತಂತ್ರಾಂಶ ಬಂದಿದ್ದವು. ಒಂದು, ಬಂದದ್ದನ್ನೆಲ್ಲ ಹಾಗೇ ಮುಂದೆ ಸುರಿಯುತ್ತಿತ್ತು. ಇನ್ನೊಂದು ಯಾವಾಗಲೂ ಕೆಟ್ಟು ನಿಲ್ಲುತ್ತಿತ್ತು. ಮೂರನೆಯದು ಒಂದೇ ಮಾತು ಮತ್ತೆ ಬಂದರೆ ಡೂಪ್ಲಿಕೇಟ್ ಎಂದು ತೆಗೆದುಹಾಕಿ ಒಂದೇ ಪುಟದ ಸಮ್ಮರಿ ಕೊಡುತ್ತಿತ್ತು. ಸುಳ್ಳು ಹೆಸರಿನಲ್ಲಿ ಯಂತ್ರಗಳು ಸಾವಿರ ಅಭಿಪ್ರಾಯ ತುರುಕುತ್ತಿದ್ದ ಕಾಲ, ಆದ್ದರಿಂದ ಅದು ಒಳ್ಳೆಯದೇ ಅನ್ನಿಸಿತು. ಅಧ್ಯಕ್ಷೆ ಮಾಳವ್ವನವರು, “ಇದರಾಗ ಏನರ ಕೊರತಿ ಐತೇನ್ರಿ?” ಎಂದರು. “ಏನಿಲ್ರಿ, ಓದಾಕ ಹಗುರ ಐತಿ” ಎಂದೆ. ಕೈಯೆತ್ತಿದೆವು. ಚಹಾ ಕುಡಿದೆವು.

ನಾಲ್ಕು ವರ್ಷದ ಹಿಂದೆ ತೊಳೆಮನೆಯನ್ನು ಹೊಳೆಯಾಚೆ ಒಯ್ಯುವ ಪ್ರಸ್ತಾಪ ಬಂತು. ನಮ್ಮ ಓಣಿಯಲ್ಲಿ ಅರ್ಜಿ ಬರೆಯುವ ರೀತಿ ಒಂದಿದೆ. ಒಬ್ಬರು ಬರೆಯುತ್ತಾರೆ, ಉಳಿದವರು ಅಕ್ಷರ ಬಿಡದೆ ಅದನ್ನೇ ಬರೆಯುತ್ತಾರೆ. ಪದ ಬದಲಿಸಿದರೆ ಓಣಿಯಿಂದ ಬೇರೆ ನಿಂತ ಹಾಗೆ. ಹುಲಿಗೆಮ್ಮ ಬರೆದಳು: ‘ಬಿಸಿಲುಬಾಗಿಲಿನ ಹೊತ್ತಿನಲ್ಲಿ ಹೊಳೆ ದಾಟಲಾಗುವುದಿಲ್ಲ, ತೊಳೆಮನೆ ಇಲ್ಲೇ ಇರಲಿ.’ ಎರಡು ಮನೆ ಆಚೆಯ ಸಾಂವಕ್ಕ, ಮೂವತ್ತು ವರ್ಷದಿಂದ ಅವಳ ಗೆಳತಿ, ಮನೆಮನೆಗೆ ಹೋಗಿ ಅದನ್ನೇ ಬರೆಸಿದಳು. ಅವಳ ಸೊಸೆ, “ನಂದೂ ಎರಡು ಮಾತು ಸೇರಸ್ಲೇನ್ರಿ ಅತ್ತಿ?” ಎಂದಳು. “ಮೊದಲ ಪಲ್ಯಾಕ ಉಪ್ಪು ಸೇರಸೂದು ಕಲಿ, ಆಮ್ಯಾಲ ಮಾತು ಸೇರಸೂವಂತಿ,” ಎಂದಳು ಸಾಂವಕ್ಕ. ಹುಲಿಗೆಮ್ಮ ಕೆಮ್ಮು ಬರುವ ತನಕ ನಕ್ಕಳು.

ವರದಿ ಬಂತು. ಒಂದೇ ಪುಟ. ಆಕ್ಷೇಪಣೆ: ಒಂದು.

ಹುಲಿಗೆಮ್ಮ ಅದನ್ನು ಮೂರು ಸಲ ಓದಿದಳು. “ಯಾರೂ ಕಳಿಸಿಲ್ಲಲ್ರಿ. ಸಾಂವಿ ಸೈತ ಕಳಿಸಿಲ್ಲ.” ನಾನು ಕಚೇರಿಗೆ ಹೋಗಿ ಒಳಗಿನ ದಾಖಲೆ ತೆಗೆಸಿ ನೋಡಿದೆ. ನಾನೂರ ಹನ್ನೆರಡು ಬಂದಿದ್ದವು. ಮಾತು ಒಂದೇ ಆದ್ದರಿಂದ ಒಂದೇ ಉಳಿದಿತ್ತು. ಮರುಪರಿಶೀಲನೆ ಕೇಳಲು ಹದಿನೈದು ದಿನ ಇತ್ತು. ಕೇಳಿದರೆ ಈ ತಂತ್ರಾಂಶ ಆರಿಸಿದವರು ಯಾರೆಂಬುದೂ ಬಯಲಿಗೆ ಬರುತ್ತಿತ್ತು. ಮನೆಗೆ ಬಂದು ಕೈಕಾಲು ತೊಳೆದು ಊಟ ಮಾಡಿದೆ. ಹದಿನೈದು ದಿನವೂ ಊಟ ಮಾಡಿದೆ.

ಸಾಂವಕ್ಕ ರೊಟ್ಟಿ ತಂದಳು. “ಒಂದು ಸಾಲು ಕಳಸಾಕ ಆಗಲಿಲ್ಲ, ಈಗ ರೊಟ್ಟಿ ತಂದಾಳ,” ಎಂದು ಹುಲಿಗೆಮ್ಮ ಒಳಗಿನಿಂದಲೇ ಅಂದಳು. “ಕಳಿಸೀನಿ ಹುಲಿಗಿ, ನನ್ನ ಕೈಯಾರೆ ಕಳಿಸೀನಿ.” “ಕಳಿಸಿದ್ರ ಎಲ್ಲಿ ಹೋತು?” ಇಬ್ಬರೂ ನನ್ನ ಕಡೆ ನೋಡಿದರು. ನಾನು ನೀರು ಕುಡಿಯುತ್ತಿದ್ದೆ, ಕುಡಿಯುತ್ತಲೇ ಇದ್ದೆ. ಅಂದಿನಿಂದ ಆ ಇಬ್ಬರು ಮಾತು ಬಿಟ್ಟರು.

ತೊಳೆಮನೆ ಹೊಳೆಯಾಚೆ ಹೋಯಿತು. ಮೊದಲ ದೋಣಿಗೆ ಹೋದರೆ ಸಂಜೆ ವಾಪಸು. ಮರುವರ್ಷದ ಬೇಸಿಗೆಯಲ್ಲಿ ಬಿಸಿಲು ಮಿತಿಮೀರಿ ಹತ್ತು ದಿನ ದೋಣಿಯನ್ನೇ ಬಿಡಲಿಲ್ಲ. ಏಳನೆಯ ದಿನ ಹುಲಿಗೆಮ್ಮ ತೀರಿಕೊಂಡಳು. ಸಾಂವಕ್ಕ ಓಣಿಯಲ್ಲಿ ನಿಂತಿದ್ದಳು, ಹೊಸ್ತಿಲಿಗೆ ಬರಲಿಲ್ಲ. ನನಗೆ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಹೆಂಡತಿಯ ಸೀರೆಗಳನ್ನು ಮಡಿಸಿಟ್ಟೆ. ಆಗಾಗ ಬಿಚ್ಚಿ ಮತ್ತೆ ಮಡಿಸುತ್ತೇನೆ, ಬೇರೆ ಕೆಲಸವಿಲ್ಲ.

ನನ್ನದೊಂದು ಕೋರಿಕೆ. ಆರಿಸುವ ಮುಂಚೆ ಪುಸ್ತಕ ಓದಿ ಎದ್ದುಬಿಡಬೇಡಿ. ಯಾವುದಾದರೂ ಒಂದು ಓಣಿಯವರನ್ನು ಕರೆದು, ಅವರು ಎಂದಿನಂತೆ ಹೇಗೆ ಕೇಳಿಕೊಳ್ಳುತ್ತಾರೋ ಹಾಗೇ ಬರೆಸಿ. ತಂತ್ರಾಂಶದ ಆಚೆ ಕಡೆ, ವರದಿಯಲ್ಲಿ, ಎಷ್ಟು ಜನ ಉಳಿದರು ಎಂದು ತಲೆ ಎಣಿಸಿ. ಒಂದೇ ಮಾತನ್ನು ನಾನೂರು ಜನ ಹೇಳಿದರೆ ಅದು ನಾನೂರು ಜನ ಹೇಳಿದ್ದು. ಓದಲು ಹಗುರವಾಗಲಿ ಎನ್ನುವವನನ್ನು ಸಮಿತಿಗೆ ಹಾಕಬೇಡಿ.

ಇಷ್ಟೇ. ಹಿನ್ನಂಚೆಯ ಪೆಟ್ಟಿಗೆ ಸಾಂವಕ್ಕನ ಮನೆ ದಾಟಿದ ಮೇಲೆ ಇದೆ. ಸಂಜೆ ಐದಕ್ಕೆ ಬಾಗಿಲು ತೆರೆಯುತ್ತಲೇ ಹೋಗಿ ಈ ಕಾಗದವನ್ನು ಮೊದಲು ಅವಳಿಗೆ ಓದಿ ಹೇಳುತ್ತೇನೆ. ಆಗದಿದ್ದರೆ ಹರಿದು ಹಾಕುತ್ತೇನೆ. ಇದು ನಿಮ್ಮ ಕೈಗೆ ಬಂದಿದ್ದರೆ ಅವಳು ಕೇಳಿದ್ದಾಳೆ ಎಂದು ತಿಳಿಯಿರಿ.

ಇಂತಿ,
ಗೋಣೆಪ್ಪ